ಪ್ಲಗ್ ಬದಲಿಸಿದರೆ ಪವರ್ ಏರುತ್ತದೆಯೇ? ಹವ್ಯಾಸಿ ರೇಸಿಂಗ್ ಕಾರುಗಳ ಸ್ಪಾರ್ಕ್ ಪ್ಲಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಿಲಿಂಡರ್ ಒಳಗಿನ ಗಾಳಿ-ಪೆಟ್ರೋಲ್ ಮಿಶ್ರಣಕ್ಕೆ ಕಿಡಿ ಹಚ್ಚುವ ಭಾಗವೇ ಸ್ಪಾರ್ಕ್ ಪ್ಲಗ್. ಈ ಉತ್ತರಗಳು ಮುಖ್ಯವಾಗಿ ಟರ್ಬೊ ಇಲ್ಲದ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರುಗಳಿಗೆ: ಭಾನುವಾರದ ಆಟೋಕ್ರಾಸ್‌ಗೆ ಇಳಿಯುವ ಎಸ್ಟೀಮ್, ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ರ‍್ಯಾಲಿ ಓಡುವ ಜಿಪ್ಸಿ, ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೊರಡುವ ಹೋಂಡಾ ಸಿಟಿ, ಸ್ವಿಫ್ಟ್. ಟರ್ಬೊ ಕಾರಿಗೆ ಲೆಕ್ಕ ಬೇರೆಯಾಗುವ ಕಡೆ ಅದನ್ನೂ ಹೇಳಿದೆ.

ದುಬಾರಿ ಇರಿಡಿಯಂ ಪ್ಲಗ್ ಹಾಕಿದರೆ ಎಷ್ಟು ಎಚ್‌ಪಿ ಸಿಗುತ್ತದೆ?

ಎಂಜಿನ್ ಚೆನ್ನಾಗಿದ್ದು, ಈಗಿರುವ ಪ್ಲಗ್ ಸರಿಯಾದ ನಂಬರಿನದ್ದಾಗಿದ್ದು, ಗ್ಯಾಪ್ (ಕಿಡಿ ಹಾರುವ ಎರಡು ತುದಿಗಳ ನಡುವಿನ ಅಂತರ) ಸರಿಯಿದ್ದರೆ ಏನೂ ಸಿಗುವುದಿಲ್ಲ. ಸಿಕ್ಕರೂ ಶೇ. 1ರ ಒಳಗೆ. ಅಷ್ಟು ಸಣ್ಣ ವ್ಯತ್ಯಾಸ ಪವರ್ ಅಳೆಯುವ ಯಂತ್ರವಾದ ಡೈನೋದಲ್ಲೇ ಕಳೆದುಹೋಗುತ್ತದೆ. ಒಂದೇ ಕಾರನ್ನು ಬೆನ್ನುಬೆನ್ನಿಗೆ ಎರಡು ಸಲ ಓಡಿಸಿದರೂ ಅಷ್ಟು ಆಚೀಚೆ ಆಗುವುದು ಮಾಮೂಲು.

ಏಕೆಂದು ಲೆಕ್ಕ ಹಾಕಿ ನೋಡಿ. 1298 ಸಿಸಿ ಜಿಪ್ಸಿ ಎಂಜಿನ್‌ನ ಒಂದು ಸಿಲಿಂಡರ್ ಸುಮಾರು 325 ಸಿಸಿ. ಫುಲ್ ಥ್ರಾಟಲ್‌ನಲ್ಲಿ ಒಂದು ಸಲಕ್ಕೆ ಅದು ಎಳೆದುಕೊಳ್ಳುವ ಗಾಳಿ ಹೆಚ್ಚುಕಡಿಮೆ 0.35 ಗ್ರಾಂ, ಅದಕ್ಕೆ ಬೆರೆಯುವ ಪೆಟ್ರೋಲ್ 0.027 ಗ್ರಾಂ. ಅಷ್ಟು ಪೆಟ್ರೋಲ್ ಉರಿದರೆ ಬರುವ ಶಕ್ತಿ ಸುಮಾರು 1150 ಜೂಲ್. ಪ್ಲಗ್‌ನ ಕಿಡಿಯಲ್ಲಿರುವ ಶಕ್ತಿ? ಪ್ಲಗ್‌ಗೆ ಹೈ ವೋಲ್ಟೇಜ್ ಕಳಿಸುವ ಸಾಮಾನ್ಯ ಕಾಯಿಲ್‌ನಿಂದ 50 ಮಿಲಿಜೂಲ್ ಆಸುಪಾಸು, ಅಂದರೆ ಇಪ್ಪತ್ತು ಸಾವಿರದಲ್ಲಿ ಒಂದು ಪಾಲೂ ಅಲ್ಲ. ಹುಲ್ಲಿನ ಬಣವೆಗೆ ಒಂದು ಬೆಂಕಿಕಡ್ಡಿ ಸಾಕು. ಕಡ್ಡಿ ದಪ್ಪವಾದ ಮಾತ್ರಕ್ಕೆ ಬಣವೆಯ ಹುಲ್ಲು ಹೆಚ್ಚುವುದಿಲ್ಲ. ಆದರೆ ಕಡ್ಡಿ ಹೊತ್ತಿಕೊಳ್ಳದೇ ಹೋದರೆ ಬಣವೆ ಹಾಗೇ ಉಳಿಯುತ್ತದೆ. ಪ್ಲಗ್ ವಿಷಯದಲ್ಲಿ ತಲೆಕೆಡಿಸಿಕೊಳ್ಳಬೇಕಾದದ್ದು ಇದರ ಬಗ್ಗೆ.

ಹಾಗಾದರೆ ಹೊಸ ಪ್ಲಗ್ ಹಾಕಿದ ಕೂಡಲೇ ಪಿಕಪ್ ಬಂತು ಎನ್ನುವವರು ಸುಳ್ಳು ಹೇಳುತ್ತಾರೆಯೇ?

ಇಲ್ಲ, ಅವರಿಗೆ ಪಿಕಪ್ ಬಂದದ್ದು ನಿಜ. ಆದರೆ ಅದು ಹೊಸದಾಗಿ ಹುಟ್ಟಿದ್ದಲ್ಲ, ಕಳೆದುಕೊಂಡದ್ದು ವಾಪಸ್ ಬಂದದ್ದು. ನಾಲ್ಕು ಸಿಲಿಂಡರಿನ ಎಂಜಿನ್ 6000 ಆರ್‌ಪಿಎಂನಲ್ಲಿ ಸೆಕೆಂಡಿಗೆ 200 ಸಲ ಉರಿಯಬೇಕು. ಅದರಲ್ಲಿ ನೂರಕ್ಕೆ ಮೂರು ಮಿಸ್ ಆದರೆ, ಅಂದರೆ ಹೊತ್ತದೇ ಹೋದರೆ, ಸೆಕೆಂಡಿಗೆ ಆರು ಹೊಡೆತ ಖೋತಾ. 80 ಎಚ್‌ಪಿ ಎಂಜಿನ್‌ನಲ್ಲಿ 2.4 ಎಚ್‌ಪಿ ಹೋಯಿತು. ಮಜಾ ಏನೆಂದರೆ, ಇಷ್ಟು ಚೂರುಪಾರು ಮಿಸ್ಸಿಂಗ್ ಹೆಲ್ಮೆಟ್ ಒಳಗಿರುವ ಕಿವಿಗೆ ಕೇಳಿಸುವುದೇ ಇಲ್ಲ. ಕಾರು ‘ಸ್ವಲ್ಪ ಸಪ್ಪೆ’ ಅನಿಸುತ್ತದೆ, ಅಷ್ಟೆ.

ಇದರ ಜೊತೆಗೆ ಇನ್ನೊಂದು ಎಡವಟ್ಟಿದೆ. ಉರಿಯದ ಮಿಶ್ರಣದಲ್ಲಿದ್ದ ಆಮ್ಲಜನಕ ಹಾಗೇ ಎಕ್ಸಾಸ್ಟ್‌ಗೆ ಹೋಗುತ್ತದೆ. ಎಕ್ಸಾಸ್ಟ್‌ನ ಆಮ್ಲಜನಕ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಅದನ್ನು ನೋಡಿ ಮಿಶ್ರಣ ಲೀನ್, ಅಂದರೆ ಪೆಟ್ರೋಲ್ ಕಡಿಮೆ, ಎಂದು ತೋರಿಸುತ್ತದೆ. ಟ್ಯೂನರ್ ಅದನ್ನು ನಂಬಿ ಪೆಟ್ರೋಲ್ ಏರಿಸುತ್ತಾನೆ, ಪ್ಲಗ್ ಇನ್ನಷ್ಟು ಕಪ್ಪಾಗುತ್ತದೆ, ಮಿಸ್ಸಿಂಗ್ ಇನ್ನಷ್ಟು ಜಾಸ್ತಿಯಾಗುತ್ತದೆ. ಮ್ಯಾಪ್ (ಪೆಟ್ರೋಲ್, ಕಿಡಿಯ ಲೆಕ್ಕದ ಪಟ್ಟಿ) ಮುಟ್ಟುವ ಮುಂಚೆ ಪ್ಲಗ್, ವೈರ್, ಕಾಯಿಲ್ ಸರಿ ಇವೆಯೇ ಎಂದು ನೋಡಿಕೊಳ್ಳಬೇಕು ಎನ್ನುವುದು ಇದಕ್ಕೇ.

‘ಹಾಟ್ ಪ್ಲಗ್’, ‘ಕೋಲ್ಡ್ ಪ್ಲಗ್’ ಅಂದರೆ ಏನು? ಕೋಲ್ಡ್ ಹಾಕಿದರೆ ಪವರ್ ಜಾಸ್ತಿಯೇ?

ಹಾಟ್, ಕೋಲ್ಡ್ ಎನ್ನುವುದು ಪ್ಲಗ್‌ನ ಹೀಟ್ ರೇಂಜ್, ಪ್ಲಗ್‌ನ ‘ನಂಬರ್’ ಹೇಳುವುದು ಅದನ್ನೇ. ಹೀಟ್ ರೇಂಜ್‌ಗೂ ಕಿಡಿಯ ಬಲಕ್ಕೂ ಸಂಬಂಧವಿಲ್ಲ. ಪ್ಲಗ್‌ನ ತುದಿ ತಾನು ಕುಡಿದ ಶಾಖವನ್ನು ಎಷ್ಟು ಬೇಗ ಹೆಡ್‌ಗೆ (ಸಿಲಿಂಡರ್ ಮೇಲಿನ, ಪ್ಲಗ್ ಕೂರುವ ಭಾಗಕ್ಕೆ) ದಾಟಿಸುತ್ತದೆ ಎನ್ನುವುದಷ್ಟೇ ಅದರ ಅರ್ಥ. ಒಳಗಿನ ಬಿಳಿ ಪಿಂಗಾಣಿಯ ಮೂತಿ ಉದ್ದವಾಗಿದ್ದರೆ ಶಾಖ ಸಾಗುವ ದಾರಿ ಉದ್ದ, ತುದಿ ಬಿಸಿಯಾಗಿ ಉಳಿಯುತ್ತದೆ, ಅದು ಹಾಟ್. ಮೂತಿ ಗಿಡ್ಡವಾದರೆ ಕೋಲ್ಡ್. ಒಂದು ನಂಬರ್ ಬದಲಾದರೆ ತುದಿಯ ತಾಪದಲ್ಲಿ 70ರಿಂದ 100 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಬರುತ್ತದೆ.

ತುದಿ ಸುಮಾರು 450 ಡಿಗ್ರಿ ದಾಟಿದರೆ ಮಾತ್ರ ಕೂತ ಮಸಿ ತಾನೇ ಸುಟ್ಟುಹೋಗುತ್ತದೆ. ಅದಕ್ಕಿಂತ ತಣ್ಣಗಿದ್ದರೆ ಮಸಿ ಪಿಂಗಾಣಿಯ ಮೇಲೆ ಕೂರುತ್ತದೆ. ಮಸಿ ಅಂದರೆ ಇಂಗಾಲ, ವಿದ್ಯುತ್ ಹರಿಯಬಿಡುವ ವಸ್ತು. ಕಾಯಿಲ್ ಕಳಿಸಿದ ವೋಲ್ಟೇಜ್ ಗ್ಯಾಪ್ ಹಾರುವ ಬದಲು ಮಸಿಯ ಮೇಲಿಂದ ಸೋರಿಹೋಗುತ್ತದೆ. ಇತ್ತ ತುದಿ 850 ಡಿಗ್ರಿ ಆಸುಪಾಸಿಗೆ ಹೋದರೆ ಕಿಡಿಗೆ ಕಾಯದೆ ತಾನೇ ಕೆಂಡದಂತೆ ಮಿಶ್ರಣ ಹೊತ್ತಿಸುತ್ತದೆ. ಇದೇ ಪ್ರಿ-ಇಗ್ನಿಷನ್. ಪಿಸ್ಟನ್‌ಗೆ ತೂತು ಬೀಳಲು ಕೆಲವೇ ಸೆಕೆಂಡು ಸಾಕು.

ಕೋಲ್ಡ್ ಪ್ಲಗ್‌ನ ಕೆಲಸ ಈ ಮೇಲಿನ ಗಡಿ ದಾಟದಂತೆ ನೋಡಿಕೊಳ್ಳುವುದು. ಕಂಪ್ರೆಷನ್ ಏರಿಸಿ, ವಾಲ್ವ್ ತೆರೆಯುವ ಕ್ಯಾಮ್ ಬದಲಿಸಿ, ಟೈಮಿಂಗ್ (ಕಿಡಿ ಹಾರುವ ಗಳಿಗೆ) ಮುಂದಕ್ಕೆ ತಂದು ಎಂಜಿನ್ ಹೆಚ್ಚು ಶಾಖ ಮಾಡುತ್ತಿದ್ದರೆ ಕೋಲ್ಡ್ ಬೇಕು. ಸ್ಟಾಕ್ ಎಂಜಿನ್‌ಗೆ, ಅಂದರೆ ಕಂಪನಿಯಿಂದ ಬಂದಂತೆಯೇ ಇರುವ ಎಂಜಿನ್‌ಗೆ, ‘ರೇಸಿಂಗ್‌ಗೆ ಅಲ್ವಾ’ ಎಂದು ಎರಡು ನಂಬರ್ ಕೋಲ್ಡ್ ಹಾಕಿದರೆ ಪವರ್ ಏರದು, ಸ್ಟಾರ್ಟ್ ಲೈನ್‌ನಲ್ಲಿ ಮಿಸ್ ಹೊಡೆಯುತ್ತದೆ. ಪ್ಲಗ್ ಕಂಪನಿಗಳು ಹೇಳುವ ಅಂದಾಜು ಸೂತ್ರ: ಸ್ಟಾಕ್‌ಗಿಂತ 75ರಿಂದ 100 ಎಚ್‌ಪಿ ಏರಿಸಿದರೆ ಒಂದು ನಂಬರ್ ಕೋಲ್ಡ್. ನಮ್ಮ 1300 ಸಿಸಿ ಕಾರುಗಳಲ್ಲಿ ಅಷ್ಟು ಏರಿಸಿದವರು ಯಾರು?

ಆಟೋಕ್ರಾಸ್, ರ‍್ಯಾಲಿ, ಟ್ರ್ಯಾಕ್, ಮೂರಕ್ಕೂ ಒಂದೇ ನಂಬರ್ ಸಾಕೇ?

ಆಟೋಕ್ರಾಸ್‌ಗೆ ಸ್ಟಾಕ್ ನಂಬರ್. ಒಂದೆರಡು ನಿಮಿಷದ ಓಟ, ಆಮೇಲೆ ಅರ್ಧ ಗಂಟೆ ಕ್ಯೂ, ಅದರಲ್ಲೂ ಐಡಲ್‌ನಲ್ಲಿ ನಿಂತು ತೆವಳುವುದು. ತುದಿ ಬಿಸಿಯಾಗಲು ಪುರುಸೊತ್ತೇ ಇಲ್ಲ. ಇಲ್ಲಿ ಕೋಲ್ಡ್ ಪ್ಲಗ್ ಅಂದರೆ ಕೈಯಾರೆ ಕೆಡಿಸಿಕೊಂಡಂತೆ.

ರ‍್ಯಾಲಿಗೂ ಬಹುತೇಕ ಸ್ಟಾಕ್ ನಂಬರೇ ಸರಿ. ಸ್ಪೆಷಲ್ ಸ್ಟೇಜ್‌ನಲ್ಲಿ ಹದಿನೈದು ನಿಮಿಷ ಎರಡನೇ, ಮೂರನೇ ಗೇರ್‌ನಲ್ಲಿ ಕೂಗಿಸಿ, ಆಮೇಲೆ ಊರಿನ ಟ್ರಾಫಿಕ್‌ನಲ್ಲಿ ಟ್ರಾನ್ಸ್‌ಪೋರ್ಟ್ ಸೆಕ್ಷನ್ ಓಡಬೇಕು. ಎರಡನ್ನೂ ತಡೆದುಕೊಳ್ಳುವ ಪ್ಲಗ್ ಬೇಕು. ಮೂತಿ ಹೊರಚಾಚಿದ ಪ್ರೊಜೆಕ್ಟೆಡ್ ಮಾದರಿ ಇಲ್ಲಿ ಒಳ್ಳೆಯದು. ನಿಧಾನದಲ್ಲಿ ಬೇಗ ಬಿಸಿಯಾಗುತ್ತದೆ, ಜೋರಿನಲ್ಲಿ ಒಳಬರುವ ತಣ್ಣನೆಯ ಮಿಶ್ರಣ ಅದನ್ನು ಆರಿಸುತ್ತದೆ.

ಟ್ರ್ಯಾಕ್‌ನ ವಿಷಯ ಬೇರೆ. ಇಪ್ಪತ್ತು ನಿಮಿಷ ಬಿಡುವಿಲ್ಲದೆ ಫುಲ್ ಥ್ರಾಟಲ್. ಟ್ಯೂನ್ ಮಾಡಿದ ಎಂಜಿನ್ ಆದರೆ ಒಂದು ನಂಬರ್ ಕೋಲ್ಡ್ ಹಾಕುವುದು ವಿವೇಕ. ಸ್ಟಾಕ್ ಎಂಜಿನ್ ಆದರೆ ಮೊದಲು ಸ್ಟಾಕ್ ನಂಬರ್‌ನಲ್ಲೇ ಓಡಿಸಿ, ಪ್ಲಗ್ ಬಿಚ್ಚಿ ಓದಿ ನಿರ್ಧರಿಸಿ.

ಬೆಂಗಳೂರಿನವರು ಮರೆಯುವ ಒಂದು ಸಂಗತಿ ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಚೆನ್ನೈಗಿಂತ ಶೇ. 10ರಷ್ಟು ಕಡಿಮೆ. ಇಲ್ಲಿ ಟ್ಯೂನ್ ಮಾಡಿ, ಇಲ್ಲೇ ಪ್ಲಗ್ ಗ್ಯಾಪ್ ಕೂರಿಸಿ, ಘಾಟಿ ಇಳಿದು ಇರುಂಗಾಟ್ಟುಕೋಟೈಗೆ ಹೋದರೆ ಸಿಲಿಂಡರ್‌ಗೆ ಹೆಚ್ಚು ಗಾಳಿ ತುಂಬುತ್ತದೆ. ಪವರ್ ಏರುತ್ತದೆ, ಅದರ ಜೊತೆ ಶಾಖವೂ ಕಿಡಿಗೆ ಬೇಕಾದ ವೋಲ್ಟೇಜೂ ಏರುತ್ತವೆ. ಊರಲ್ಲಿ ಅಂಚಿನಲ್ಲಿ ನಿಂತು ಕೆಲಸ ಮಾಡುತ್ತಿದ್ದ ಪ್ಲಗ್ ಅಲ್ಲಿ ಕೈಕೊಡುತ್ತದೆ. ಚಿಕ್ಕಮಗಳೂರಿಗೆ ಹೋದರೆ ತದ್ವಿರುದ್ಧ: ಗಾಳಿ ಇನ್ನೂ ತೆಳು, ಕಾರ್ಬ್ಯುರೇಟರ್ ಎಂಜಿನ್ ರಿಚ್ ಆಗಿ (ಪೆಟ್ರೋಲ್ ಪಾಲು ಹೆಚ್ಚಾಗಿ) ಪ್ಲಗ್ ಕಪ್ಪಾಗುತ್ತದೆ.

ಒಂದು ಕಂಪನಿಯ 6, ಇನ್ನೊಂದರ 20, ಮತ್ತೊಂದರ 7. ಯಾವುದು ಯಾವುದಕ್ಕೆ ಸಮ?

ಎನ್‌ಜಿಕೆ ಮತ್ತು ಡೆನ್ಸೊದಲ್ಲಿ ನಂಬರ್ ಏರಿದಷ್ಟೂ ಕೋಲ್ಡ್. ಬಾಷ್ ಮತ್ತು ಚಾಂಪಿಯನ್‌ನಲ್ಲಿ ನಂಬರ್ ಏರಿದಷ್ಟೂ ಹಾಟ್. ಹೆಚ್ಚಿನವರು ಎಡವುವುದು ಇಲ್ಲಿ. ಎನ್‌ಜಿಕೆ 6 ಅಂದರೆ ಡೆನ್ಸೊ 20, ಬಾಷ್ 7ರ ಹತ್ತಿರ. ಎನ್‌ಜಿಕೆ 7 ಅಂದರೆ ಡೆನ್ಸೊ 22, ಬಾಷ್ 6ರ ಹತ್ತಿರ. ‘ಇನ್ನೂ ಕೋಲ್ಡ್ ಬೇಕು’ ಎಂದು ಬಾಷ್‌ನಲ್ಲಿ 7 ಬಿಟ್ಟು 8 ತಂದವರು ಹಾಟ್ ಪ್ಲಗ್ ತಂದಿರುತ್ತಾರೆ.

ಉಳಿದ ಅಕ್ಷರಗಳೂ ಮುಖ್ಯ. ಬಿಪಿಆರ್6ಇಎಸ್ ತೆಗೆದುಕೊಳ್ಳಿ: ಬಿ ಅಂದರೆ 14 ಮಿ.ಮೀ. ಥ್ರೆಡ್ ಮತ್ತು 20.8 ಮಿ.ಮೀ. ಷಡ್ಭುಜ, ಪಿ ಅಂದರೆ ಮೂತಿ ಹೊರಚಾಚಿದ್ದು, ಆರ್ ಅಂದರೆ ರೆಸಿಸ್ಟರ್, 6 ಹೀಟ್ ರೇಂಜ್, ಇ ಅಂದರೆ 19 ಮಿ.ಮೀ. ಥ್ರೆಡ್ ಉದ್ದ. ಬಿಕೆಆರ್6ಇ-11 ಆದರೆ ಷಡ್ಭುಜ 16 ಮಿ.ಮೀ., ಕೊನೆಯ 11 ಅಂದರೆ ಗ್ಯಾಪ್ 1.1 ಮಿ.ಮೀ.

ಥ್ರೆಡ್ ಉದ್ದದಲ್ಲಿ ಮಾತ್ರ ರಾಜಿ ಬೇಡ. 12.7 ಮಿ.ಮೀ. ಉದ್ದದ ಪ್ಲಗ್‌ಗೆ ಮಾಡಿದ ಹೆಡ್‌ಗೆ 19 ಮಿ.ಮೀ.ನದ್ದು ಹಾಕಿದರೆ ಪಿಸ್ಟನ್‌ಗೆ ತಾಗಬಹುದು. ಉದ್ದದ ಹೆಡ್‌ಗೆ ಗಿಡ್ಡ ಪ್ಲಗ್ ಹಾಕಿದರೆ ಕಿಡಿ ಗುಳಿಯೊಳಗೆ ಹುದುಗಿ, ಹೆಡ್‌ನ ಖಾಲಿ ಥ್ರೆಡ್‌ಗಳಲ್ಲಿ ಮಸಿ ಗಟ್ಟಿಯಾಗುತ್ತದೆ. ಮುಂದೆ ಸರಿಯಾದ ಪ್ಲಗ್ ಹಾಕಹೋದಾಗ ಥ್ರೆಡ್ಡೇ ಕಿತ್ತುಬರುತ್ತದೆ.

ಗ್ಯಾಪ್ ಎಷ್ಟಿಡಬೇಕು? ಜಾಸ್ತಿ ಗ್ಯಾಪ್ ಇದ್ದರೆ ಜಾಸ್ತಿ ಪವರ್ ಎನ್ನುತ್ತಾರಲ್ಲ?

ಗ್ಯಾಪ್ ದೊಡ್ಡದಾದರೆ ಕಿಡಿ ಹೆಚ್ಚು ಮಿಶ್ರಣವನ್ನು ಮುಟ್ಟುತ್ತದೆ, ಐಡಲ್ ನಯವಾಗುತ್ತದೆ, ತೆಳು ಮಿಶ್ರಣ ಸುಲಭವಾಗಿ ಹೊತ್ತುತ್ತದೆ. ಆದರೆ ಫುಲ್ ಥ್ರಾಟಲ್‌ನಲ್ಲಿ ಮಿಶ್ರಣ ರಿಚ್ ಆಗಿರುತ್ತದೆ, ಹೊತ್ತಿಸುವುದು ಅಲ್ಲಿ ಕಷ್ಟವೇ ಅಲ್ಲ. ಅಲ್ಲಿ ಕಷ್ಟ ಇರುವುದು ಕಿಡಿ ಹಾರಿಸುವುದರಲ್ಲಿ. ಒತ್ತಡ ಹೆಚ್ಚಾದಷ್ಟೂ ಅದೇ ಗ್ಯಾಪ್ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಗ್ಯಾಪ್ ಹೆಚ್ಚಿಸಿದರೆ ಅದಕ್ಕೂ ಮೇಲೆ ಬೇಕು. ಕಾಯಿಲ್‌ನಿಂದ ಅಷ್ಟು ಏಳದಿದ್ದರೆ ಮಿಸ್.

ಆದ್ದರಿಂದ ಕಾರಿನ ಮ್ಯಾನ್ಯುಯಲ್ ಹೇಳಿದ ಅಳತೆಯಿಂದ ಶುರುಮಾಡಿ. ಅದು 1.1 ಇದ್ದು, ಲೋಡ್‌ನಲ್ಲಿ ಮುಗ್ಗರಿಸುತ್ತಿದ್ದರೆ 1.0, ಆಮೇಲೆ 0.9, ಹೀಗೆ 0.1 ಮಿ.ಮೀ. ಲೆಕ್ಕದಲ್ಲಿ ಇಳಿಸಿ. ಮಿಸ್ಸಿಂಗ್ ನಿಂತ ಕಡೆ ನಿಲ್ಲಿ. ಇನ್ನೂ ಇಳಿಸುತ್ತಾ ಹೋದರೆ ಐಡಲ್ ಕುಂಟುತ್ತದೆ. ಬೂಸ್ಟ್ (ಟರ್ಬೊ ಗಾಳಿ ತುಂಬುವ ಒತ್ತಡ) ಏರಿಸಿದ ಟರ್ಬೊ ಕಾರುಗಳಲ್ಲಿ 0.6ರಿಂದ 0.7 ಸಾಮಾನ್ಯ. ಗ್ಯಾಪ್ ಇಳಿಸಿದರೂ ಮಿಸ್ ನಿಲ್ಲದಿದ್ದರೆ ತಪ್ಪು ಪ್ಲಗ್‌ನದಲ್ಲ.

ಅಳೆಯಲು ತಂತಿ ಮಾದರಿಯ ಗೇಜ್ ಬಳಸಿ. ಬಗ್ಗಿಸುವಾಗ ನಡುವಿನ ತುದಿಯ ಮೇಲೆ ಬಾಗಿರುವ ಹೊರಗಿನ ಗ್ರೌಂಡ್ ಕಡ್ಡಿಯನ್ನಷ್ಟೇ ಬಗ್ಗಿಸಿ. ನಾಣ್ಯದ ಆಕಾರದ ಇಳಿಜಾರು ಗೇಜನ್ನು ಇರಿಡಿಯಂ ಪ್ಲಗ್‌ಗೆ ತುರುಕಿ ತಿರುಗಿಸಿದರೆ ನಡುವಿನ 0.4 ಅಥವಾ 0.6 ಮಿ.ಮೀ. ತುದಿ ಮುರಿಯುತ್ತದೆ. ಇರಿಡಿಯಂ ಗಟ್ಟಿ, ಆದರೆ ಪೆಡಸು.

ತಾಮ್ರ, ಪ್ಲಾಟಿನಂ, ಇರಿಡಿಯಂ: ರೇಸ್‌ಗೆ ಯಾವುದು?

ಮೊದಲು ‘ಕಾಪರ್ ಪ್ಲಗ್’ ಎಂಬ ಹೆಸರಿನ ಗೊಂದಲ ಬಿಡಿಸೋಣ. ಅದರ ತುದಿ ತಾಮ್ರದ್ದಲ್ಲ, ನಿಕಲ್ ಮಿಶ್ರಲೋಹದ್ದು. ತಾಮ್ರ ಇರುವುದು ಒಳತಿರುಳಿನಲ್ಲಿ, ಶಾಖ ಎಳೆಯಲು. ಇರಿಡಿಯಂ ಪ್ಲಗ್‌ಗಳ ಒಳಗೂ ತಾಮ್ರದ ತಿರುಳು ಇರುತ್ತದೆ.

ನಿಕಲ್ 1455 ಡಿಗ್ರಿಯಲ್ಲಿ ಕರಗುತ್ತದೆ, ಪ್ಲಾಟಿನಂ 1768ರಲ್ಲಿ, ಇರಿಡಿಯಂ 2446ರಲ್ಲಿ. ಅದಕ್ಕೇ ಇರಿಡಿಯಂ ತುದಿಯನ್ನು ಸೂಜಿಯಂತೆ ತೆಳ್ಳಗೆ ಮಾಡಬಹುದು. ನಿಕಲ್ ತುದಿ 2.5 ಮಿ.ಮೀ. ದಪ್ಪ ಇರಲೇಬೇಕು. ಚೂಪಾದ ತುದಿಯಿಂದ ಕಿಡಿ ಕಡಿಮೆ ವೋಲ್ಟೇಜ್‌ಗೇ ಹಾರುತ್ತದೆ. ಇರಿಡಿಯಂನ ನಿಜವಾದ ಲಾಭ ಇದು, ಮತ್ತೆ ಬಾಳಿಕೆ. ಕಾಯಿಲ್ ಹಳೆಯದು, ಬೂಸ್ಟ್ ಏರಿಸಿದ್ದೀರಿ, ಪ್ಲಗ್ ಇರುವ ಜಾಗಕ್ಕೆ ಕೈ ಹೋಗುವುದಿಲ್ಲ ಎನ್ನುವ ಕಡೆ ಇರಿಡಿಯಂಗೆ ಕೊಟ್ಟ ದುಡ್ಡು ದಂಡವಲ್ಲ.

ಪ್ರತಿ ರೇಸ್‌ಗೂ ಹೊಸ ಸೆಟ್ ಹಾಕುವವರಿಗೆ ನಿಕಲ್ ಪ್ಲಗ್ ಸಾಕು. ಅಗ್ಗ, ಗ್ಯಾಪ್ ಬಗ್ಗಿಸಲು ಸುಲಭ, ಹೀಟ್ ರೇಂಜ್ ಪ್ರಯೋಗ ಮಾಡಿ ಬಿಸಾಡಲು ಹೊಟ್ಟೆ ಉರಿಯುವುದಿಲ್ಲ. ನಮ್ಮ ಮತ ಇದಕ್ಕೇ: ಪ್ರಯೋಗ ಮುಗಿದು ನಂಬರ್ ಗೊತ್ತಾಗುವವರೆಗೆ ನಿಕಲ್, ಆಮೇಲೆ ಬೇಕಿದ್ದರೆ ಅದೇ ನಂಬರಿನ ಇರಿಡಿಯಂ.

ವೇಸ್ಟ್ ಸ್ಪಾರ್ಕ್ ಕಾಯಿಲ್ (ಒಂದೇ ಕಾಯಿಲ್ ಎರಡು ಪ್ಲಗ್‌ಗಳಿಗೆ ಒಟ್ಟಿಗೆ ಕಿಡಿ ಕೊಡುವುದು) ಇರುವ ಎಂಜಿನ್‌ನಲ್ಲಿ ನಾಲ್ಕರಲ್ಲಿ ಎರಡು ಪ್ಲಗ್‌ಗಳಿಗೆ ಕಿಡಿ ಉಲ್ಟಾ ಹಾರುತ್ತದೆ, ಅಂದರೆ ಅಲ್ಲಿ ಗ್ರೌಂಡ್ ಕಡ್ಡಿ ಹೆಚ್ಚು ಸವೆಯುತ್ತದೆ. ಅಲ್ಲಿ ಎರಡೂ ಕಡೆ ಬೆಲೆಬಾಳುವ ಲೋಹ ಇರುವ ಪ್ಲಗ್ ಹಾಕಿ.

ಮೂರು, ನಾಲ್ಕು ಕಡ್ಡಿಗಳ ಪ್ಲಗ್ ಹಾಕಿದರೆ?

ಕಡ್ಡಿ ನಾಲ್ಕಿದ್ದರೂ ಒಂದು ಸಲಕ್ಕೆ ಹಾರುವುದು ಒಂದೇ ಕಿಡಿ. ಸವೆತ ಹಂಚಿಹೋಗುವುದರಿಂದ ಬಾಳಿಕೆ ಬರುತ್ತದೆ. ಪವರ್‌ಗೆ ಏನೂ ಇಲ್ಲ. ಕಡ್ಡಿಗಳೇ ಜ್ವಾಲೆಗೆ ಅಡ್ಡ ಬರುವುದೂ ಉಂಟು.

ರೆಸಿಸ್ಟರ್ ಇಲ್ಲದ ಪ್ಲಗ್ ಹಾಕಿದರೆ ಕಿಡಿ ಜೋರಾಗುವುದಿಲ್ಲವೇ?

ಗ್ಯಾಪ್ ಹಾರುವ ಗಳಿಗೆಯವರೆಗೆ ಕರೆಂಟ್ ಹರಿಯುವುದೇ ಇಲ್ಲ ಎನ್ನಬಹುದು, ಹಾಗಾಗಿ ಸುಮಾರು 5 ಕಿಲೋಓಮ್‌ನ ಆ ರೆಸಿಸ್ಟರ್ ಅಡ್ಡಿಯಾಗುವುದಿಲ್ಲ. ಅದನ್ನು ತೆಗೆದರೆ ರೇಡಿಯೊ ಗದ್ದಲ ಎದ್ದು ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುಗೆ, ಕ್ರ್ಯಾಂಕ್ ಸೆನ್ಸರ್‌ಗೆ ತಪ್ಪು ಸಂಕೇತ ಹೋಗಬಹುದು. ಎಂಪಿಎಫ್‌ಐ (ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ) ಕಾರಿನಲ್ಲಿ ‘ಆರ್’ ಇರುವ ಪ್ಲಗ್ಗೇ ಹಾಕಿ.

ಇಂಡೆಕ್ಸಿಂಗ್ ಮಾಡಿದರೆ ಪ್ರಯೋಜನ ಇದೆಯೇ?

ಗ್ರೌಂಡ್ ಕಡ್ಡಿಯ ತೆರೆದ ಬದಿ ಇನ್‌ಟೇಕ್ ವಾಲ್ವ್ ಕಡೆಗೆ ಇರುವಂತೆ ಕೂರಿಸುವುದೇ ಇಂಡೆಕ್ಸಿಂಗ್. ಪ್ಲಗ್‌ನ ಬಿಳಿ ಮೈಮೇಲೆ ತೆರೆದ ಬದಿಗೆ ಸರಿಯಾಗಿ ಮಾರ್ಕರ್‌ನಿಂದ ಗೆರೆ ಎಳೆಯಿರಿ, ಬಿಗಿಮಾಡಿ ಗೆರೆ ಎಲ್ಲಿ ನಿಂತಿತು ನೋಡಿ. ಏಳೆಂಟು ಪ್ಲಗ್ ಕೈಯಲ್ಲಿದ್ದರೆ ಅದಲುಬದಲು ಮಾಡಿ ನಾಲ್ಕು ಸರಿಹೊಂದುತ್ತವೆ. ಇಲ್ಲವಾದರೆ ಬೇರೆಬೇರೆ ದಪ್ಪದ ತಾಮ್ರದ ಇಂಡೆಕ್ಸಿಂಗ್ ವಾಷರ್ ಸಿಗುತ್ತದೆ. ಗೆರೆ ಸರಿಹೊಂದಲಿ ಎಂದು ಅತಿಯಾಗಿ ಬಿಗಿಯುವುದಾಗಲಿ, ಸಡಿಲ ಬಿಡುವುದಾಗಲಿ ಕೂಡದು.

ಲಾಭ ಸಿಕ್ಕರೆ ಶೇ. 1ರೊಳಗೆ, ಎಷ್ಟೋ ಎಂಜಿನ್‌ಗಳಲ್ಲಿ ಅದೂ ಇಲ್ಲ. ನಿಜಕ್ಕೂ ಬೇಕಾಗುವುದು ಉಬ್ಬು ಪಿಸ್ಟನ್ ಹಾಕಿದ ಹೈ ಕಂಪ್ರೆಷನ್ ಎಂಜಿನ್‌ನಲ್ಲಿ, ಅದೂ ಕಡ್ಡಿ ಪಿಸ್ಟನ್‌ಗೆ ತಾಗದಿರಲಿ ಎಂದು.

ಪ್ಲಗ್ ಓದುವುದು ಹೇಗೆ?

ಪ್ಯಾಡಕ್‌ಗೆ (ಟ್ರ್ಯಾಕ್ ಪಕ್ಕ ಕಾರುಗಳು ನಿಲ್ಲುವ ಜಾಗಕ್ಕೆ) ಐಡಲ್‌ನಲ್ಲಿ ಓಡಿಸಿಕೊಂಡು ಬಂದು ಬಿಚ್ಚಿದ ಪ್ಲಗ್ ಹೇಳುವುದು ಐಡಲ್‌ನ ಕಥೆ. ಫುಲ್ ಥ್ರಾಟಲ್‌ನ ಸ್ಥಿತಿ ಬೇಕಾದರೆ ಪ್ರಾಕ್ಟೀಸ್ ಸೆಷನ್‌ನಲ್ಲಿ, ಅಧಿಕಾರಿಗಳಿಗೆ ಮೊದಲೇ ತಿಳಿಸಿ, ಸ್ಟ್ರೇಟ್‌ನ ಕೊನೆಯವರೆಗೆ ಪೂರ್ತಿ ಒತ್ತಿ, ಕ್ಲಚ್ ಒತ್ತಿದ ಗಳಿಗೆಯಲ್ಲೇ ಕಿಲ್ ಸ್ವಿಚ್ ಆಫ್ ಮಾಡಿ, ಪಿಟ್‌ಗೆ ಉರುಳಿಸಿಕೊಂಡು ಬರಬೇಕು. ಕೀ ತಿರುಗಿಸಿ ಆಫ್ ಮಾಡಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ. ಎಂಜಿನ್ ನಿಂತ ಮೇಲೆ ಬ್ರೇಕ್ ಪೆಡಲ್ ಗಟ್ಟಿಯಾಗುತ್ತದೆ ಎನ್ನುವುದೂ ನೆನಪಿರಲಿ. ಹೊಸ ಪ್ಲಗ್‌ನಲ್ಲಿ ಮಾಡಿದರೆ ಮಾತ್ರ ಗುರುತುಗಳು ಸ್ಪಷ್ಟ.

ಆಮೇಲೆ ಭೂತಗನ್ನಡಿ ಹಿಡಿದು ಮೂರು ಜಾಗ ನೋಡಿ. ಗ್ರೌಂಡ್ ಕಡ್ಡಿಯ ಮೇಲೆ ಬಣ್ಣ ಬದಲಾದ ಒಂದು ಗೆರೆ ಇರುತ್ತದೆ; ಅದು ಬಾಗಿನ ನಡುಭಾಗದಲ್ಲಿದ್ದರೆ ಶಾಖ, ಟೈಮಿಂಗ್ ಹದವಾಗಿವೆ. ಗೆರೆ ಥ್ರೆಡ್‌ನತ್ತ ಇಳಿದಿದ್ದರೆ ಶಾಖ ಜಾಸ್ತಿ. ಪಿಂಗಾಣಿಯ ಬುಡದಲ್ಲಿ, ಆಳದಲ್ಲಿ, ಮಸಿಯ ಉಂಗುರ ಕಾಣುತ್ತದೆ. ಮಿಶ್ರಣದ ಸುದ್ದಿ ಅಲ್ಲಿದೆ, ತುದಿಯಲ್ಲಲ್ಲ. ಇನ್ನು ಪಿಂಗಾಣಿಯ ಮೂತಿ. ಅದರ ಮೇಲೆ ಮೆಣಸಿನ ಪುಡಿ ಚಿಮುಕಿಸಿದಂತೆ ಕಪ್ಪು ಚುಕ್ಕಿ ಅಥವಾ ಹೊಳೆಯುವ ಅಲ್ಯುಮಿನಿಯಂ ಕಣ ಕಂಡರೆ ಎಂಜಿನ್ ನಾಕ್ ಆಗುತ್ತಿದೆ (ಮಿಶ್ರಣ ತಾನಾಗಿ ಸಿಡಿಯುತ್ತಿದೆ), ಹೊಳೆಯುತ್ತಿರುವುದು ಪಿಸ್ಟನ್‌ನ ಚೂರು. ಆವತ್ತು ಇನ್ನೊಂದು ಲ್ಯಾಪ್ ಓಡಿಸಬೇಡಿ, ಟೈಮಿಂಗ್ ಹಿಂದಕ್ಕೆ ತನ್ನಿ. ಪಿಂಗಾಣಿ ಗುಳ್ಳೆ ಎದ್ದಿದ್ದರೆ, ಕಡ್ಡಿ ಕರಗಿ ದುಂಡಾಗಿದ್ದರೆ ಅದು ಪ್ರಿ-ಇಗ್ನಿಷನ್.

ಹಳೆಯ ಮೆಕ್ಯಾನಿಕ್‌ಗಳ ‘ಬಿಸ್ಕತ್ ಬಣ್ಣ ಬರಬೇಕು’ ಎಂಬ ಮಾತು ಈಗ ಅಷ್ಟಾಗಿ ನಡೆಯುವುದಿಲ್ಲ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕ ಇ20 ಪೆಟ್ರೋಲ್‌ನಲ್ಲಿ ಶೇ. 20 ಎಥನಾಲ್ ಇದೆ. ಎಥನಾಲ್ ಮಸಿ ಬಿಡುವುದು ಕಡಿಮೆ, ಹಾಗಾಗಿ ಮಿಶ್ರಣ ಹದವಾಗಿದ್ದರೂ ಪಿಂಗಾಣಿ ಬೆಳ್ಳಗೇ ಉಳಿಯುತ್ತದೆ. ಬಿಳಿ ಕಂಡ ಕೂಡಲೇ ಲೀನ್ ಎಂದು ಕಾರ್ಬ್ಯುರೇಟರ್‌ನ ಜೆಟ್ (ಪೆಟ್ರೋಲ್ ಬರುವ ತೂತು) ದೊಡ್ಡದು ಮಾಡಬೇಡಿ. ಆದರೆ ಎಥನಾಲ್ ಇರುವ ಪೆಟ್ರೋಲ್‌ಗೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು ಎನ್ನುವುದೂ ನಿಜ. ಹಳೆಯ ಕಾರ್ಬ್ಯುರೇಟರ್ ಕಾರು ನಿಜಕ್ಕೂ ಲೀನ್ ಆಗಿರಬಹುದು. ವೈಡ್‌ಬ್ಯಾಂಡ್ ಇಟ್ಟು ತಾಳೆ ನೋಡಿ. ಆಕ್ಟೇನ್ ಬೂಸ್ಟರ್ ಸುರಿದಿದ್ದರೆ ಪಿಂಗಾಣಿ ಇಟ್ಟಿಗೆ ಕೆಂಪಾಗುವುದುಂಟು, ಅದು ಸೇರಿಸಿದ ಲೋಹದ ಬಣ್ಣ.

ಬಿಚ್ಚಿ ಹಾಕುವಾಗ ಆಗುವ ತಪ್ಪುಗಳು ಯಾವುವು?

ಎಂಜಿನ್ ತಣ್ಣಗಾಗಲಿ, ಬಿಸಿ ಅಲ್ಯುಮಿನಿಯಂ ಹೆಡ್‌ನ ಥ್ರೆಡ್ ಮೆತ್ತಗಿರುತ್ತದೆ. ರ‍್ಯಾಲಿ ಕಾರಾದರೆ ಪ್ಲಗ್ ಗುಂಡಿಯಲ್ಲಿ ಕೆಮ್ಮಣ್ಣು ಸೇರಿರುತ್ತದೆ, ಒಂದು ಸುತ್ತು ಸಡಿಲಿಸಿ, ಗಾಳಿ ಊದಿ, ಆಮೇಲೆ ಪೂರ್ತಿ ಬಿಚ್ಚಿ. ಇಲ್ಲದಿದ್ದರೆ ಆ ಮಣ್ಣು ನೇರ ಸಿಲಿಂಡರ್ ಒಳಗೆ.

ಹಾಕುವಾಗ ಸಾಕೆಟ್‌ಗೆ ಎಕ್ಸ್‌ಟೆನ್ಷನ್ ಮಾತ್ರ ಸಿಕ್ಕಿಸಿ ಬೆರಳಲ್ಲೇ ತಿರುಗಿಸಿ. ಕೊನೆಯ ಸುತ್ತಿನವರೆಗೆ ಬೆರಳಲ್ಲೇ ಹೋಗಬೇಕು. ಎರಡು ಸುತ್ತಿಗೇ ಬಿಗಿಯಾದರೆ ಥ್ರೆಡ್ ಅಡ್ಡ ಕೂತಿದೆ, ಹಿಂದಕ್ಕೆ ಬಿಚ್ಚಿ. ವಾಷರ್ ಇರುವ 14 ಮಿ.ಮೀ. ಪ್ಲಗ್‌ಗೆ ಅಲ್ಯುಮಿನಿಯಂ ಹೆಡ್‌ನಲ್ಲಿ 25ರಿಂದ 30 ನ್ಯೂಟನ್ ಮೀಟರ್, 12 ಮಿ.ಮೀ. ಪ್ಲಗ್‌ಗೆ 15ರಿಂದ 20. ಟಾರ್ಕ್ ರೆಂಚ್ ಇಲ್ಲದಿದ್ದರೆ ಬೆರಳಿಗೆ ಬಿಗಿಯಾದ ಮೇಲೆ ಹೊಸ ವಾಷರ್‌ಗೆ ಅರ್ಧದಿಂದ ಮೂರನೇ ಎರಡು ಸುತ್ತು, ಒಮ್ಮೆ ಚಪ್ಪಟೆಯಾದ ವಾಷರ್‌ಗೆ ಹನ್ನೆರಡನೇ ಒಂದು ಸುತ್ತು, ಅಂದರೆ ಗಡಿಯಾರದ ಗಂಟೆ ಮುಳ್ಳು ಒಂದು ಗಂಟೆಯಲ್ಲಿ ಸರಿದಷ್ಟು.

ಥ್ರೆಡ್‌ಗೆ ಗ್ರೀಸ್, ಆ್ಯಂಟಿ-ಸೀಜ್ ಹಚ್ಚಬೇಡಿ. ಜಾರಿಕೆ ಹೆಚ್ಚಾಗಿ, ಅದೇ ಟಾರ್ಕ್ ಅಂಕಿಗೆ ಪ್ಲಗ್ ಅತಿಯಾಗಿ ಬಿಗಿಯಾಗುತ್ತದೆ. ಸಡಿಲ ಬಿಟ್ಟರೂ ಅಪಾಯ: ಪ್ಲಗ್‌ನ ಶಾಖ ಹೆಡ್‌ಗೆ ಇಳಿಯುವುದು ಸೀಟ್ ಮತ್ತು ಥ್ರೆಡ್ ಮೂಲಕ. ಸಡಿಲವಾದ ಕೋಲ್ಡ್ ಪ್ಲಗ್ ಹಾಟ್ ಪ್ಲಗ್‌ನಂತೆ ವರ್ತಿಸುತ್ತದೆ.

ಕೆಳಗೆ ಬಿದ್ದ ಪ್ಲಗ್ ಹಾಕಬೇಡಿ. ಪಿಂಗಾಣಿಯ ಕೂದಲೆಳೆ ಬಿರುಕು ಕಣ್ಣಿಗೆ ಕಾಣದು, ಕಿಡಿಗೆ ದಾರಿಯಾಗುತ್ತದೆ.

ಹೈ ಆರ್‌ಪಿಎಂನಲ್ಲಿ ಮಿಸ್ ಹೊಡೆಯುತ್ತಿದೆ. ಪ್ಲಗ್ ತಪ್ಪೇ?

ಯಾವ ಆರ್‌ಪಿಎಂ ಎನ್ನುವುದನ್ನು ಮೊದಲು ಗುರುತಿಸಿ. ಕಿಡಿಗೆ ಅತಿ ಹೆಚ್ಚು ವೋಲ್ಟೇಜ್ ಬೇಕಾಗುವುದು ಸಿಲಿಂಡರ್ ಚೆನ್ನಾಗಿ ತುಂಬುವ ಕಡೆ, ಅಂದರೆ ಟಾರ್ಕ್ ಶಿಖರದ ಸುತ್ತ. ನಾಲ್ಕನೇ ಗೇರ್‌ನಲ್ಲಿ ಏರು ಹತ್ತಿಸುವಾಗ 4000–4500ರಲ್ಲಿ ಮುಗ್ಗರಿಸಿ, 6000ದಲ್ಲಿ ಸರಿಯಾದರೆ ಪ್ಲಗ್ ಗ್ಯಾಪ್, ವೈರ್, ಬೂಟ್ (ಪ್ಲಗ್ ಮೇಲೆ ಕೂರುವ ರಬ್ಬರ್ ಟೊಪ್ಪಿ) ಮೇಲೆ ಅನುಮಾನಪಡಿ. 6000ದ ಮೇಲೆ ಮಾತ್ರ ಮುಗ್ಗರಿಸಿದರೆ ಕಾಯಿಲ್ ಚಾರ್ಜ್ ಆಗಲು ಸಮಯ ಸಾಲದಿರುವುದು, ವಾಲ್ವ್ ಸ್ಪ್ರಿಂಗ್ ಸೋತಿರುವುದು, ಪೆಟ್ರೋಲ್ ಒತ್ತಡ ಬೀಳುವುದು ಇವುಗಳ ಕಡೆ ನೋಡಿ. ಆಲ್ಟರ್ನೇಟರ್ ತೆಗೆದು ಬ್ಯಾಟರಿ ಮೇಲೆ ಓಡಿಸುವ ಕಾರುಗಳಲ್ಲಿ ಇದು ಹೆಚ್ಚು; 13.8 ವೋಲ್ಟ್‌ಗೆ ಹೊಂದಿಸಿದ ಕಾಯಿಲ್ 12 ವೋಲ್ಟ್‌ನಲ್ಲಿ ಪೂರ್ತಿ ಚಾರ್ಜ್ ಆಗದು.

ಅಗ್ಗದ ಪರೀಕ್ಷೆ ಒಂದಿದೆ. ಕತ್ತಲಾದ ಮೇಲೆ ಬಾನೆಟ್ ತೆಗೆದು, ಎಂಜಿನ್ ಓಡುವಾಗ ವೈರ್‌ಗಳ ಮೇಲೆ ಸಣ್ಣಗೆ ನೀರು ಸಿಂಪಡಿಸಿ. ಸೋರುವ ಕಡೆ ನೀಲಿ ಕಿಡಿ ಕಾಣುತ್ತದೆ. ಕೈ ಮಾತ್ರ ದೂರವಿರಲಿ. ಪ್ಲಗ್ ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ವಾಲ್ವ್ ಕವರ್‌ನ ಟ್ಯೂಬ್ ಸೀಲ್ ಹೋಗಿದೆ, ಆಯಿಲ್‌ನಲ್ಲಿ ನೆಂದ ರಬ್ಬರ್ ಬೂಟ್ ಬದಲಿಸಿ. ಬಿಳಿ ಮೈಮೇಲೆ ಲೋಹದ ಅಂಚಿನಲ್ಲಿ ಕಾಣುವ ಕಂದು ಉಂಗುರಕ್ಕೆ ಹೆದರಬೇಡಿ. ಅದು ಗ್ಯಾಸ್ ಸೋರಿದ್ದಲ್ಲ, ಹೈ ವೋಲ್ಟೇಜ್‌ಗೆ ಅಂಟಿದ ಧೂಳು. ಆದರೆ ಉದ್ದಕ್ಕೆ ಪೆನ್ಸಿಲ್ ಗೀಚಿದಂಥ ಕಪ್ಪು ಗೆರೆ ಕಂಡರೆ ಕಿಡಿ ಹೊರಗಿನಿಂದ ಹಾರಿದೆ. ಪ್ಲಗ್ ಮತ್ತು ಬೂಟ್ ಎರಡನ್ನೂ ಎಸೆಯಿರಿ. ಒಂದನ್ನೇ ಬದಲಿಸಿದರೆ ಹಳೆಯದರ ಗೆರೆಯೇ ಹೊಸದಕ್ಕೆ ದಾರಿ ತೋರಿಸುತ್ತದೆ.

ಪ್ಲಗ್‌ನಿಂದ ಪವರ್ ಬಂತೋ ಇಲ್ಲವೋ ಪರೀಕ್ಷಿಸುವುದು ಹೇಗೆ?

ಹಳೆಯದು, ಹೊಸದು, ಮತ್ತೆ ಹಳೆಯದು. ಮೂರನೆಯ ಹೆಜ್ಜೆಯನ್ನೇ ಎಲ್ಲರೂ ಬಿಡುವುದು. ಡೈನೋ ಮೇಲೆ ಪ್ರತಿ ಸೆಟ್‌ಗೆ ಮೂರು ಓಟ, ಪ್ರತಿ ಸಲವೂ ಕೂಲಂಟ್ ತಾಪ, ಒಳಹೋಗುವ ಗಾಳಿಯ ತಾಪ, ಟೈರ್ ಗಾಳಿ ಒಂದೇ ಇರಬೇಕು. ಎರಡನೇ ಸಲ ಹಾಕಿದ ಹಳೆಯ ಸೆಟ್ ಮೊದಲಿನ ಅಂಕಿಗೇ ವಾಪಸ್ ಬಂದರೆ ಮಾತ್ರ ನಡುವಿನ ವ್ಯತ್ಯಾಸಕ್ಕೆ ಬೆಲೆ. ಇಲ್ಲಿ ‘ಹಳೆಯದು’ ಅಂದರೆ ಹಳೆಯ ಮಾದರಿ, ಸವೆದ ಪ್ಲಗ್ ಅಲ್ಲ; ಹೋಲಿಕೆಗೆ ಹೊಸ ನಿಕಲ್ ಸೆಟ್ ಇಟ್ಟುಕೊಳ್ಳಿ. ಸವೆದ ನಿಕಲ್ ಎದುರು ಹೊಸ ಇರಿಡಿಯಂ ಇಟ್ಟರೆ ಇರಿಡಿಯಂ ಗೆಲ್ಲುವುದರಲ್ಲಿ ಆಶ್ಚರ್ಯವೇನು?

ಡೈನೋ ಇಲ್ಲದಿದ್ದರೆ ಮುಚ್ಚಿದ ಟ್ರ್ಯಾಕ್‌ನಲ್ಲಿ, ಜಿಪಿಎಸ್ ಲಾಗರ್ ಇಟ್ಟು, ಮೂರನೇ ಗೇರ್‌ನಲ್ಲಿ 3000ದಿಂದ 6000ಕ್ಕೆ ಏರುವ ಸಮಯ ಅಳೆಯಿರಿ. ಒಂದೇ ದಿಕ್ಕಿನಲ್ಲಿ ಐದು ಸಲ, ಎದುರು ದಿಕ್ಕಿನಲ್ಲಿ ಐದು ಸಲ. ಪೆಟ್ರೋಲ್ ಟ್ಯಾಂಕ್ ಅರ್ಧದ ಆಸುಪಾಸಿನಲ್ಲೇ ಇರಲಿ, ಹತ್ತು ಲೀಟರ್ ಅಂದರೆ ಏಳೂವರೆ ಕೆ.ಜಿ.

ಪ್ಲಗ್ ಬದಲಿಸುವುದಕ್ಕೆ ರೂಲ್ಸ್ ಒಪ್ಪುತ್ತವೆಯೇ?

ಜಾಗತಿಕ ಮೋಟಾರ್ ಕ್ರೀಡಾ ಸಂಸ್ಥೆಯಾದ ಎಫ್‌ಐಎದ ಗ್ರೂಪ್ ಎನ್ (ಹೆಚ್ಚು ಬದಲಾವಣೆ ಮಾಡದ ಕಾರುಗಳ ವರ್ಗ) ನಿಯಮದಲ್ಲೇ ಪ್ಲಗ್‌ನ ಕಂಪನಿ, ಮಾದರಿ ನಿಮ್ಮ ಇಷ್ಟಕ್ಕೆ ಬಿಟ್ಟದ್ದು. ಒಂದೇ ಮಾದರಿ ಕಾರುಗಳ ಸರಣಿಗಳಲ್ಲಿ ಪ್ಲಗ್ ಕೂಡ ಗೊತ್ತುಮಾಡಿರಬಹುದು. ಆ ವರ್ಷದ ನಿಯಮಪುಸ್ತಕ ಓದಿ, ಕಾರು ತಪಾಸಣೆ ಮಾಡುವ ಸ್ಕ್ರೂಟಿನಿಯರ್‌ನನ್ನು ಮುಂಚೆಯೇ ಕೇಳಿ.

ನಕಲಿ ಪ್ಲಗ್ ಗುರುತಿಸುವುದು ಹೇಗೆ?

ಪ್ಲಗ್‌ನಷ್ಟು ಸುಲಭವಾಗಿ ನಕಲಾಗುವ ಬಿಡಿಭಾಗ ಕಡಿಮೆ. ಅಸಲಿಯಲ್ಲಿ ನಡುವಿನ ತುದಿ ಸರಿಯಾಗಿ ನಟ್ಟನಡುವೆ ಇರುತ್ತದೆ, ಗ್ರೌಂಡ್ ಕಡ್ಡಿ ಅದರ ಮೇಲೆ ಚೊಕ್ಕವಾಗಿ ಕೂತಿರುತ್ತದೆ, ಥ್ರೆಡ್ ನುಣುಪು, ಅಕ್ಷರ ಉಗುರಿಗೆ ಅಳಿಸುವುದಿಲ್ಲ, ವಾಷರ್ ತಾನಾಗಿ ಬಿದ್ದುಹೋಗುವುದಿಲ್ಲ. ನಾಲ್ಕು ಪ್ಲಗ್‌ಗಳ ಗ್ಯಾಪ್ ಅಳೆಯಿರಿ. ಪೆಟ್ಟಿಗೆಯಿಂದ ಬಂದದ್ದೇ ಒಂದು 0.8, ಇನ್ನೊಂದು 1.2 ಇದ್ದರೆ ವಾಪಸ್ ಕೊಡಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಾಗಲಿ, ಆನ್‌ಲೈನ್ ಆಗಲಿ, ಬಿಲ್ ಇಲ್ಲದೆ ತೆಗೆದುಕೊಳ್ಳಬೇಡಿ. ಅರ್ಧ ಬೆಲೆಗೆ ಇರಿಡಿಯಂ ಯಾರೂ ಕೊಡುವುದಿಲ್ಲ.

ಹೆಡ್‌ನ ಥ್ರೆಡ್ ಕಿತ್ತುಹೋಗಿದೆ. ರೇಸ್ ನಾಳೆ. ಏನು ಮಾಡುವುದು?

ಹೆಡ್ ಇಳಿಸದೆಯೇ ಎಂ14×1.25 ಅಳತೆಯ ಇನ್ಸರ್ಟ್ (ಹೊಸ ಥ್ರೆಡ್ ಇರುವ ಲೋಹದ ತೋಳು) ಕೂರಿಸಬಹುದು. ಆ ಸಿಲಿಂಡರ್‌ನ ಪಿಸ್ಟನ್ ಕೆಳಗಿಳಿಸಿ, ವಾಲ್ವ್‌ಗಳು ಮುಚ್ಚಿರುವಂತೆ ಎಂಜಿನ್ ತಿರುಗಿಸಿಡಿ. ಥ್ರೆಡ್ ಕೊರೆಯುವ ಟ್ಯಾಪ್‌ನ ತೋಡುಗಳಿಗೆ ದಪ್ಪಗೆ ಗ್ರೀಸ್ ಮೆತ್ತಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ನಡುನಡುವೆ ಹೊರತೆಗೆದು ಒರೆಸಿ ಹೊಸ ಗ್ರೀಸ್ ಹಚ್ಚುತ್ತಾ ಕೊರೆಯಿರಿ. ಚೂರುಗಳೆಲ್ಲ ಗ್ರೀಸ್‌ಗೆ ಅಂಟಿಬರುತ್ತವೆ. ಉಳಿದದ್ದನ್ನು ಸಪೂರ ನಳಿಗೆ ಕಟ್ಟಿದ ವ್ಯಾಕ್ಯೂಮ್‌ನಿಂದ ಎಳೆಯಿರಿ. ಇನ್ಸರ್ಟ್ ಹೆಡ್‌ನ ಸೀಟ್‌ಗಿಂತ ಕೂದಲಷ್ಟಾದರೂ ಕೆಳಗೇ ನಿಲ್ಲಬೇಕು, ಮೇಲೆ ಉಳಿದರೆ ವಾಷರ್ ಕೂರದೆ ಗ್ಯಾಸ್ ಸೋರುತ್ತದೆ. ಪ್ಲಗ್ ಹಾಕುವ ಮೊದಲು ಆ ತೂತಿನ ಮೇಲೆ ಬಟ್ಟೆ ಮುಚ್ಚಿ, ಇಂಜೆಕ್ಟರ್ ಕನೆಕ್ಟರ್ ಬಿಚ್ಚಿ, ಸ್ಟಾರ್ಟರ್‌ನಲ್ಲಿ ನಾಲ್ಕೈದು ಸುತ್ತು ತಿರುಗಿಸಿ. ಬಟ್ಟೆ ಬಿಚ್ಚಿ ನೋಡಿದಾಗ ಲೋಹದ ಚೂರು ಮಿನುಗಿದರೆ, ಬರುವುದು ನಿಲ್ಲುವವರೆಗೆ ಮತ್ತೆ ಅದನ್ನೇ ಮಾಡಿ.